ಲೋಳೆ ಹಿಡಿಯದ ಬಟ್ಟೆ

ಗಲ್ಫಿನ ಆ ನಗರದಲ್ಲಿ ಮುಐದರ್ ಬಡಾವಣೆ ದಾಟಿ ಪಶ್ಚಿಮಕ್ಕೆ ಹೋದರೆ ಕಾರ್ಮಿಕರ ದೊಡ್ಡ ವಸತಿಯೊಂದು ಸಿಗುತ್ತದೆ. ಅದರ ಹಿಂಬದಿಯಲ್ಲಿ, ಆಳೆತ್ತರದ ಗೋಡೆಯ ಆಚೆಗೆ, ಎಂಜಿನಿಯರ್ ರಾಜೇಶ್ವರಿಯ ಕೊಳೆನೀರು ಶುದ್ಧೀಕರಿಸುವ ಪ್ಲಾಂಟ್ ಇತ್ತು. ಕಂಪನಿಯ ಆಸ್ತಿಯಾದರೂ ಎಲ್ಲರೂ ಅದನ್ನು ರಾಜೇಶ್ವರಿಯ ಪ್ಲಾಂಟ್ ಎಂದೇ ಕರೆಯುತ್ತಿದ್ದರು. ಅವಳೂ ಬೇಡ ಅಂದವಳಲ್ಲ.

ವಸತಿಯ ಸ್ನಾನದ ನೀರು, ಅಡುಗೆಮನೆಯ ನೀರು, ಕಕ್ಕಸಿನ ನೀರು ಎಲ್ಲವೂ ಒಂದೇ ಪೈಪಿನಲ್ಲಿ ಬಂದು ಅಲ್ಲಿನ ಗಾಳಿತೊಟ್ಟಿಗೆ ಬೀಳುತ್ತಿತ್ತು. ತೊಟ್ಟಿಯ ತಳದಿಂದ ಎಡೆಬಿಡದೆ ಗಾಳಿ ಊದುತ್ತಿದ್ದರು. ಆ ಗಾಳಿಯನ್ನು ಉಸಿರಾಡಿಕೊಂಡು ಕಂದು ಕೆಸರಿನೊಳಗೆ ಬದುಕುವ ಬ್ಯಾಕ್ಟೀರಿಯಾಗಳು ಹೊಲಸನ್ನೆಲ್ಲ ತಿಂದು ಮುಗಿಸುತ್ತಿದ್ದವು. ಕೆಸರು ತಳಕ್ಕೆ ಕೂತ ಮೇಲೆ ಮೇಲಿನ ತಿಳಿನೀರು ಬಟ್ಟೆಯ ಫಿಲ್ಟರ್ ದಾಟಿ, ಒಂದಿಷ್ಟು ಕ್ಲೋರಿನ್ ಸೇರಿಸಿಕೊಂಡು, ವಸತಿಯ ಸುತ್ತಲಿನ ಬೇವಿನ ಮರಗಳಿಗೂ ಆಟದ ಅಂಗಳದ ಹುಲ್ಲಿಗೂ ಹರಿಯುತ್ತಿತ್ತು.

ತೊಂದರೆ ಇದ್ದದ್ದು ಆ ಬಟ್ಟೆಯಲ್ಲಿ. ದೊಡ್ಡ ಚಕ್ರಗಳಂಥ ಚೌಕಟ್ಟಿಗೆ ಬಿಗಿದ, ಟವೆಲ್ಲಿನಂತೆ ದಪ್ಪ ಎಳೆಯೆದ್ದ ಬಟ್ಟೆ ಅದು. ಚಳಿಗಾಲದಲ್ಲಿ ತಕರಾರಿಲ್ಲದೆ ಕೆಲಸ ಮಾಡುತ್ತಿತ್ತು. ಬಿಸಿಲು ಏರತೊಡಗಿದರೆ ಬರುವ ನೀರೇ ಬೆಚ್ಚಗಾಗಿ, ಎಳೆಯ ಮೇಲೆ ಲೋಳೆ ಕಟ್ಟಿಕೊಳ್ಳುತ್ತಿತ್ತು. ಲೋಳೆ ಕಟ್ಟಿತೆಂದರೆ ನೀರು ದಾಟುವುದಿಲ್ಲ. ಬಟ್ಟೆಯನ್ನು ಶುಚಿಗೊಳಿಸಲು ಪಂಪು ಮತ್ತೆ ಮತ್ತೆ ನೀರನ್ನು ಹಿಂದಕ್ಕೆಳೆದು ತೊಳೆಯಬೇಕು, ಅದೂ ಸಾಲದೆ ಬಂದಾಗ ಮೊಯ್ದಿನ್ ಚೌಕಟ್ಟುಗಳನ್ನು ಹೊರಗೆಳೆದು ಬ್ಲೀಚಿನಲ್ಲಿ ಉಜ್ಜಬೇಕು. ಮೊಯ್ದಿನ್ ಉಳ್ಳಾಲದವನು, ಪ್ಲಾಂಟಿನ ಆಪರೇಟರ್, ದೂರು ಹೇಳುವ ಜಾಯಮಾನದವನಲ್ಲ. ಆದರೆ ಜುಲೈ ತಿಂಗಳಿನಲ್ಲಿ ಬ್ಲೀಚಿನ ಹಬೆಗೆ ಕಣ್ಣು ಕೆಂಪಗೆ ಮಾಡಿಕೊಂಡು ನಿಲ್ಲುತ್ತಿದ್ದ ಅವನನ್ನು ನೋಡಿದಾಗಲೆಲ್ಲ ರಾಜೇಶ್ವರಿಗೆ, ಇದಕ್ಕೊಂದು ದಾರಿ ಇರಲೇಬೇಕು, ತಾನದನ್ನು ಇನ್ನೂ ಹುಡುಕಿಲ್ಲ ಅಷ್ಟೇ, ಅನಿಸುತ್ತಿತ್ತು.

ದಾರಿ ತಾನಾಗಿಯೇ ಗೇಟಿಗೆ ಬಂತು. ಅದರ ಹೆಸರು ಯಜ್ಞೇಶ್. ಮೂಲ್ಕಿ ಕಡೆಯ ಹುಡುಗ, ಜವಳಿ ಎಂಜಿನಿಯರಿಂಗ್ ಓದಿದವನು. ಇಂಡಸ್ಟ್ರಿಯಲ್ ಏರಿಯಾದಲ್ಲಿ ಒಂದು ಶೆಡ್ಡಿನಲ್ಲಿ ಫಿಲ್ಟರ್ ಬಟ್ಟೆ ಹೊಲಿಸಿ ಮಾರುತ್ತಿದ್ದ, ನಜ್ಮಾ ಬಡಾವಣೆಯಲ್ಲಿ ಹೆಂಡತಿ ಗ್ರೀಷ್ಮಾಳ ಜೊತೆ ಒಂದು ಕೋಣೆಯಲ್ಲಿ ಸಂಸಾರ. ಬಟ್ಟೆಯ ಎಳೆಗೆ ಬೆಳ್ಳಿಯ ಅತಿ ಸಣ್ಣ ಕಣಗಳ ಲೇಪ ಹಚ್ಚುವುದನ್ನು ಅವನು ಕಲಿತಿದ್ದ. ಬೆಳ್ಳಿ ಇದ್ದ ಕಡೆ ಕ್ರಿಮಿ ಬದುಕುವುದಿಲ್ಲ, ಕ್ರಿಮಿ ಇಲ್ಲದಿದ್ದರೆ ಲೋಳೆಯೂ ಇಲ್ಲ ಎಂಬುದು ಅವನ ಮಾತು. ಹಲವು ಕಡೆ ಬಾಗಿಲು ಬಡಿದಿದ್ದನಂತೆ, ಯಾರೂ ಒಳಗೆ ಕರೆದಿರಲಿಲ್ಲ. ರಾಜೇಶ್ವರಿ ಕರೆದಳು, ಟೀ ಕುಡಿಸಿದಳು, ಬಟ್ಟೆಯ ತುಂಡನ್ನು ಬೆರಳ ತುದಿಯಲ್ಲಿ ತಿಕ್ಕಿ ನೋಡಿದಳು.

ಬಟ್ಟೆ ಅವಳಿಗೆ ಹೊಸದಲ್ಲ. ಅವಳ ತವರು ಗುಳೇದಗುಡ್ಡ. ಮಗ್ಗದವರಿಗೆ ಕುಪ್ಪಸದ ಖಣದ ನೂಲಿಗೆ ಬಣ್ಣ ಹಾಕಿಕೊಡುವುದು ಅವಳ ಅಪ್ಪನ ಮನೆಯ ಕಸುಬು. ಎಂಜಿನಿಯರಿಂಗ್ ಮುಗಿಸಿ, ಮದುವೆಯಾಗಿ, ಎಣ್ಣೆ ಬಾವಿಯಲ್ಲಿ ಪಾಳಿ ಕೆಲಸಕ್ಕಿದ್ದ ಗಂಡನ ಹಿಂದೆ ಈ ದೇಶಕ್ಕೆ ಬಂದಮೇಲೂ ಬಟ್ಟೆಯನ್ನು ಮುಟ್ಟಿ ನೋಡದೆ ಅವಳು ಯಾವ ಅಂಗಡಿಯಿಂದಲೂ ಹೊರಬಿದ್ದವಳಲ್ಲ.

ಮ್ಯಾನೇಜರ್ ಹಾಝಿಮ್ ಈಜಿಪ್ಟಿನವನು, ಒಳ್ಳೆಯವನೇ, ಆದರೆ ನಡೆಯುತ್ತಿರುವುದನ್ನು ಕೆದಕುವುದು ಅವನಿಗೆ ಆಗದು. ಬ್ಲೀಚ್ ಅಗ್ಗ, ಮೊಯ್ದಿನ್ ಇದ್ದಾನೆ, ಮತ್ತೇನು ಬೇಕು ಎಂದ. ರಾಜೇಶ್ವರಿ ಬಿಡಲಿಲ್ಲ. ಒಂದು ಫಿಲ್ಟರಿಗೆ ಮಾತ್ರ ಹಾಕಿಸಿ ನೋಡೋಣ, ಕೆಟ್ಟರೆ ಹೊಣೆ ತನ್ನದು ಎಂದಳು. ಕೊನೆಗೆ ಹಾಝಿಮ್ ಕೈ ಬೀಸಿ, "ಯಲ್ಲಾ, ಆಗಲಿ, ನಿನ್ನ ಪ್ಲಾಂಟ್, ನಿನ್ನ ಹೊಣೆ," ಎಂದ.

ಏಪ್ರಿಲ್‌ನಲ್ಲಿ ಬೆಳ್ಳಿಯ ಬಟ್ಟೆ ನೀರಿಗಿಳಿಯಿತು. ಆಮೇಲೆ ನಡೆದದ್ದನ್ನು ನೋಡಿ ಮೊಯ್ದಿನ್ ಕೂಡ ಮೂಗಿನ ಮೇಲೆ ಬೆರಳಿಟ್ಟ. ಬಿಸಿಲು ಏರಿತು, ಪಕ್ಕದ ಹಳೆಯ ಫಿಲ್ಟರ್ ಮಾಮೂಲಿನಂತೆ ಲೋಳೆ ಕಟ್ಟಿತು, ಇದು ಮಾತ್ರ ಮಡಿ ಬಟ್ಟೆಯಂತೆ ಹೊಳೆಯುತ್ತಲೇ ಇತ್ತು. ಪಂಪು ಹಿಂದಕ್ಕೆ ತೊಳೆಯುವುದೇ ಅಪರೂಪವಾಯಿತು. ನೋಡಲು ಬಂದ ಹಾಝಿಮ್ ಫೋಟೋ ತೆಗೆದುಕೊಂಡು ಮಾಲೀಕರಿಗೆ ಕಳಿಸಿದ. ಎರಡನೆಯ ಫಿಲ್ಟರಿಗೂ ಇದನ್ನೇ ಹಾಕಿಬಿಡಿ ಎಂದವನೂ ಅವನೇ. ಹಾಕಿದರು. ಯಜ್ಞೇಶನ ನಡಿಗೆಯೇ ಬದಲಾಯಿತು. ಇನ್ನೆರಡು ಕಡೆಯವರು ಅವನನ್ನು ಕರೆಸಿ ಮಾತಾಡಿದ್ದರಂತೆ.

ಮೇ ತಿಂಗಳು ಮುಗಿಯುವ ಹೊತ್ತಿಗೆ ಲ್ಯಾಬಿನಿಂದ ಫ್ಲೋರಿನ್ ಫೋನು ಮಾಡಿದಳು. ಕಾರ್ಕಳದ ಫ್ಲೋರಿನ್ ಕಂಪನಿಯ ಲ್ಯಾಬಿನಲ್ಲಿ ಸೂಕ್ಷ್ಮದರ್ಶಕದ ಮುಂದೆ ಕೂರುವವಳು, ಮಾತು ಕಡಿಮೆ. ಶುದ್ಧವಾಗಿ ಹೊರಬರುವ ನೀರಿನಲ್ಲಿ ಅಮೋನಿಯಾ ಏರುತ್ತಿದೆ, ಒಂದು ಸಲ ತಪ್ಪಿರಬಹುದೆಂದು ಮತ್ತೆ ಮಾಡಿ ನೋಡಿದೆ, ಇನ್ನಷ್ಟು ಏರಿದೆ ಎಂದಳು. ರಾಜೇಶ್ವರಿ ಗಾಳಿತೊಟ್ಟಿಯ ಕಟ್ಟೆ ಹತ್ತಿ ನೋಡಿದಳು. ಮೇಲೆ ಬಿಳಿ ನೊರೆ ತೇಲುತ್ತಿತ್ತು. ಮಣ್ಣಿನ ಹದವಾದ ವಾಸನೆ ಬರಬೇಕಾದ ಕಡೆ ಮೂಗಿಗೆ ಚುಚ್ಚುವ ಏನೋ ಒಂದು ವಾಸನೆ. ಒಂದು ಬಾಟಲಿ ಕೆಸರು ತುಂಬಿಕೊಂಡು ತಾನೇ ಲ್ಯಾಬಿಗೆ ಕಾರು ಓಡಿಸಿದಳು.

"ಇಲ್ಲಿ ನೋಡಿ ಮೇಡಂ," ಎಂದು ಫ್ಲೋರಿನ್ ಜಾಗ ಬಿಟ್ಟುಕೊಟ್ಟಳು. "ಗಂಟೆಯ ಹಾಗೆ ಇರ್ತದಲ್ಲ, ದಂಟಿನ ಮೇಲೆ ನಿಂತು ಬಾಯಿ ಆಡಿಸುವ ಜೀವಿ. ಪ್ರತಿ ಸಲ ಎಷ್ಟು ಕಾಣ್ತಿತ್ತು. ಈಗ ಇಡೀ ಸ್ಲೈಡ್ ಹುಡುಕಿದ್ರೂ ಇಲ್ಲ. ಬೇರೆ ಜೀವಿ ಇದ್ದದ್ದು ಕೂಡ ಅಲ್ಲಾಡುವುದಿಲ್ಲ."

"ಏನೋ ತಿಂದು ಸತ್ತಾವ," ಎಂದಳು ರಾಜೇಶ್ವರಿ, ಕಣ್ಣು ತೆಗೆಯದೆ.

ಮೊದಲು ಅವಳು ಅಡುಗೆಮನೆಯನ್ನು ಅನುಮಾನಿಸಿದಳು. ಹೊಸ ಸಾಬೂನು ತಂದಿದ್ದಾರೆಯೇ, ಯಾರಾದರೂ ಆಸಿಡ್ ಸುರಿದಿದ್ದಾರೆಯೇ ಎಂದು ಹೋಗಿ ವಿಚಾರಿಸಿದಳು. ಏನೂ ಬದಲಾಗಿರಲಿಲ್ಲ. ಪ್ಲಾಂಟಿನಲ್ಲಿ ಆ ಬೇಸಿಗೆ ಹೊಸದಾಗಿ ಬಂದದ್ದು ಒಂದೇ ಒಂದು. ಅದನ್ನು ತಂದವಳೂ ತಾನೇ.

ಕಾರಿನಲ್ಲಿ ಏಸಿ ಹಾಕಿಕೊಂಡು ಕೂತು ಅವಳು ನೀರಿನ ದಾರಿಯನ್ನು ಮನಸ್ಸಿನಲ್ಲೇ ಮತ್ತೆ ಹಿಂಬಾಲಿಸಿದಳು. ಫಿಲ್ಟರನ್ನು ತೊಳೆದ ನೀರನ್ನು ಹೊರಗೆ ಚೆಲ್ಲುವುದಿಲ್ಲ, ಅದು ಮರಳಿ ಗಾಳಿತೊಟ್ಟಿಗೇ ಹೋಗುತ್ತದೆ. ಬಟ್ಟೆಯಿಂದ ಬೆಳ್ಳಿ ಒಂದೊಂದು ಚೂರೇ ಬಿಟ್ಟುಕೊಂಡಿದ್ದರೆ, ತೊಳೆಯುವುದು ಅಪರೂಪವಾದರೂ ತೊಳೆದಾಗಲೆಲ್ಲ ಅದೂ ತೊಟ್ಟಿಗೇ ಹೋಗಿ ಕೆಸರಿನಲ್ಲಿ ಕೂಡಿಕೊಳ್ಳುತ್ತದೆ. ಕ್ರಿಮಿಗಳಲ್ಲಿ ಬೆಳ್ಳಿಗೆ ಒಳ್ಳೆಯದು ಕೆಟ್ಟದ್ದು ಎಂಬ ಭೇದವಿಲ್ಲ. ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾಗಳಂತೂ ಎಲ್ಲಕ್ಕಿಂತ ನಿಧಾನವಾಗಿ ಬೆಳೆಯುವಂಥವು, ಬೇಗ ಸಾಯುವಂಥವು. ಲೋಳೆ ಕಟ್ಟುವವನ್ನು ಕೊಲ್ಲಲು ಹೋಗಿ ದುಡಿಯುವವನ್ನೇ ಕೊಂದಿದ್ದರು.

ಊಹೆಯಿಂದ ಯಾರ ಮೇಲೂ ತಪ್ಪು ಹೊರಿಸುವುದು ಅವಳಿಗೆ ಸರಿಬರಲಿಲ್ಲ. ಮೀನು ಸಾಕುವವರ ಅಂಗಡಿಯಿಂದ ಎರಡು ಸಣ್ಣ ಗಾಳಿಪಂಪು ತಂದಳು. ಯಜ್ಞೇಶನ ಬೆಳ್ಳಿ ಬಟ್ಟೆಯ ಹೊಸ ತುಂಡೊಂದನ್ನು ತೊಟ್ಟಿಯ ನೀರಿನಷ್ಟೇ ಉಪ್ಪಿರುವ ಬೆಚ್ಚನೆಯ ಉಪ್ಪುನೀರಿನಲ್ಲಿ ನೆನೆಹಾಕಿ, ಹಿಂಡಿ, ಆ ನೀರನ್ನು ಇಟ್ಟುಕೊಂಡಳು. ಕಂಪನಿಯ ಇನ್ನೊಂದು ಪ್ಲಾಂಟಿನಿಂದ ತರಿಸಿದ ಆರೋಗ್ಯವಾದ ಕೆಸರನ್ನು ಎರಡು ಜಾಡಿಗಳಿಗೆ ಹಾಕಿ, ಎರಡಕ್ಕೂ ಒಂದೇ ಅಳತೆಯ ಅಮೋನಿಯಾ ಸೇರಿಸಿ, ಒಂದಕ್ಕೆ ಬಟ್ಟೆ ಹಿಂಡಿದ ನೀರು, ಇನ್ನೊಂದಕ್ಕೆ ಬಟ್ಟೆ ಹಾಕದ ಅದೇ ಉಪ್ಪುನೀರು ಬೆರೆಸಿ, ಪಂಪು ಹಚ್ಚಿಟ್ಟಳು. ಮಾರನೆಯ ದಿನ ಫ್ಲೋರಿನ್ ಎರಡನ್ನೂ ಅಳೆದಳು. ಬರಿಯ ಉಪ್ಪುನೀರಿನ ಜಾಡಿಯಲ್ಲಿ ಅಮೋನಿಯಾ ಹೆಚ್ಚುಕಡಿಮೆ ಮುಗಿದಿತ್ತು. ಬಟ್ಟೆ ಹಿಂಡಿದ ಜಾಡಿಯಲ್ಲಿ ಹಾಕಿದ್ದು ಹಾಕಿದ ಹಾಗೇ ಇತ್ತು.

ರಾಜೇಶ್ವರಿ ಮೊಯ್ದಿನ್‌ಗೆ ಹೇಳಿ ಅವತ್ತೇ ಬೆಳ್ಳಿಯ ಬಟ್ಟೆಗಳನ್ನೆಲ್ಲ ಬಿಚ್ಚಿಸಿ ಹಳೆಯವನ್ನು ಹಾಕಿಸಿದಳು. ಆಮೇಲೆ ಹಾಝಿಮ್‌ನ ಕೋಣೆಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅವನು ಮೊದಲು ಸಿಟ್ಟಾದ, ಮಾಲೀಕರಿಗೆ ಕಳಿಸಿದ ಫೋಟೋ ನೆನಪಾಗಿ ಇನ್ನಷ್ಟು ಸಿಟ್ಟಾದ. ಈ ಬಟ್ಟೆಯ ಕಥೆ ಖಲಾಸ್ ಎಂದ. ರಾಜೇಶ್ವರಿ ಅವನು ಮುಗಿಸುವವರೆಗೆ ಕಾದು, ಖಲಾಸ್ ಅಲ್ಲ ಎಂದಳು. ತೊಟ್ಟಿಯ ಕೆಟ್ಟ ಕೆಸರನ್ನು ಹೊರಹಾಕಿ, ಇನ್ನೊಂದು ಪ್ಲಾಂಟಿನಿಂದ ಟ್ಯಾಂಕರಿನಲ್ಲಿ ಜೀವ ಇರುವ ಕೆಸರು ತಂದು ಸುರಿದರೆ ಕೆಲವು ವಾರಗಳಲ್ಲಿ ತೊಟ್ಟಿ ಸುಧಾರಿಸುತ್ತದೆ, ಅಲ್ಲಿಯವರೆಗೆ ಈ ನೀರನ್ನು ಗಿಡಗಳಿಗೆ ಬಿಡುವುದು ಬೇಡ, ಬೇರೆ ನೀರು ತರಿಸೋಣ ಎಂದಳು. ಲೇಪ ಹಚ್ಚಿದ್ದು ತಪ್ಪಲ್ಲ, ಲೇಪ ಬಿಟ್ಟುಕೊಂಡದ್ದು ತಪ್ಪು, ಬಿಡದಂಥ ಲೇಪ ಸಿಕ್ಕರೆ ಮತ್ತೆ ಕೇಳುತ್ತೇನೆ ಎಂದೂ ಹೇಳಿಟ್ಟಳು. ಹಾಝಿಮ್ ಟ್ಯಾಂಕರ್ ತರಿಸಲು ಒಪ್ಪಿದ, ಉಳಿದದ್ದನ್ನು ಕೈ ಬೀಸಿ ಬದಿಗಿಟ್ಟ.

ಯಜ್ಞೇಶನಿಗೆ ಫೋನಿನಲ್ಲಿ ಹೇಳುವ ಮಾತಲ್ಲ ಅದು. ಶುಕ್ರವಾರ ಬಿನ್ ಮಹಮೂದ್ ಬಡಾವಣೆಯ ತನ್ನ ಮನೆಗೆ ಊಟಕ್ಕೆ ಕರೆದಳು. ಗಂಡ ಪಾಳಿಯ ಮೇಲಿದ್ದ. ಗ್ರೀಷ್ಮಾಳೂ ಬಂದಳು. ರಾಜೇಶ್ವರಿ ಜೋಳದ ರೊಟ್ಟಿ ಬಡಿಯುವುದನ್ನು ಆ ಹುಡುಗಿ ಅಡುಗೆಕಟ್ಟೆಗೆ ಒರಗಿ ನಿಂತು ಬೆರಗಿನಿಂದ ನೋಡಿದಳು. ಆದರೆ ವಿಷಯ ತಿಳಿದ ಮೇಲೆ ಯಜ್ಞೇಶ್ ತಟ್ಟೆಗೆ ಕೈ ಹಾಕಲಿಲ್ಲ. ಅವನ ಮುಖ ಸಣ್ಣದಾಗಿತ್ತು.

"ಅಕ್ಕ, ಒಂದು ತಿಂಗಳು ಸುಮ್ಮನಿರ್ಲಿಕ್ಕೆ ಆಗ್ತದಾ ನಿಮಗೆ?" ಎಂದ. "ಎರಡು ಕಡೆಯ ಆರ್ಡರ್ ಬರ್ಲಿಕ್ಕೆ ಉಂಟು. ಈಗ ಇದು ಹೊರಗೆ ಹೋದ್ರೆ ನನ್ನ ಹೆಸರೇ ಹೋಯ್ತು."

"ಆರ್ಡರ್ ಬಂದ ಮ್ಯಾಲೆ ಅವರ ತೊಟ್ಟಿನೂ ಹಿಂಗ ಆದ್ರ? ಆಗ ನಿನ್ನ ಹೆಸರು ಎಲ್ಲಿಗೆ ಹೋಗ್ತೈತಿ?"

"ಅವರದ್ದು ಬೇರೆ ಪ್ಲಾಂಟ್. ಹಾಗೆ ಆಗ್ಲಿಕ್ಕಿಲ್ಲ."

"ನೀ ನೋಡಿಯೇನು?"

ತಾನು ಬಟ್ಟೆಯ ಮೇಲಿನ ಕ್ರಿಮಿಯನ್ನು ನೂರು ಸಲ ಪರೀಕ್ಷಿಸಿದ್ದೆ, ತೊಳೆದ ನೀರು ಎಲ್ಲಿಗೆ ಹೋಗುತ್ತದೆ ಎಂದು ಒಂದು ಸಲವೂ ಕೇಳಿರಲಿಲ್ಲ ಎಂಬುದು ಅವನಿಗೆ ಅಲ್ಲಿ, ಆ ರೊಟ್ಟಿಯ ತಟ್ಟೆಯ ಮುಂದೆ ಹೊಳೆದಿರಬೇಕು. ರಾಜೇಶ್ವರಿಗೆ ಅವನ ಮೇಲೆ ಕನಿಕರ ಬಂತು, ಆದರೆ ಆ ಹೊತ್ತಿಗೆ ಅವನಿಗೆ ಬೇಕಾದದ್ದು ಕನಿಕರವಲ್ಲ ಎಂದು ಅವಳಿಗೆ ಗೊತ್ತಿತ್ತು. ತಾನೂ ಕೇಳಿರಲಿಲ್ಲ, ಪ್ಲಾಂಟ್ ತನ್ನದಾದ್ದರಿಂದ ತಾನೇ ಮೊದಲು ಕೇಳಬೇಕಿತ್ತು ಎಂದು ಹೇಳಿ, ಅವನ ತಟ್ಟೆಯನ್ನು ಸ್ವಲ್ಪ ಅವನ ಕಡೆ ಸರಿಸಿದಳು.

"ಬಣ್ಣದಾಗ ಎರಡು ಥರ ಇರ್ತಾವ, ತಮ್ಮಾ. ಒಂದು ನೂಲಿನ ಮ್ಯಾಲೆ ಕುಂತಿರ್ತೈತಿ. ಇನ್ನೊಂದು ನೂಲಿಗೇ ಕಚ್ಚಿರ್ತೈತಿ. ನಮ್ಮಪ್ಪ ಹೊಸ ಬಣ್ಣ ಹಾಕಿದ್ರ, ತೊಳದ ನೀರು ತಿಳಿ ಬರೂತನಕ ನೂಲಿನ ಲಡಿ ಮನಿ ಬಿಟ್ಟು ಹೊರಗ ಹೋಗ್ತಿರಲಿಲ್ಲ. ನಿನ್ನ ಬೆಳ್ಳಿ ಮ್ಯಾಲೆ ಕುಂತೈತಿ. ಕಚ್ಚೂವಂಥಾದ್ದು ಏನರ ಐತೇನು, ಅದನ್ನ ಹೇಳು."

ಯಜ್ಞೇಶ್ ಒಂದು ಉಂಟು ಎಂದ. ಅದು ಲೋಹವಲ್ಲ, ಒಂದು ರಾಸಾಯನಿಕ. ಅದರ ಒಂದು ತುದಿ ಎಳೆಗೆ ಕಚ್ಚಿಕೊಳ್ಳುತ್ತದೆ, ಇನ್ನೊಂದು ತುದಿ ಮುಳ್ಳಿನ ಹಾಗೆ ಹೊರಗೆ ನಿಲ್ಲುತ್ತದೆ, ಮೇಲೆ ಬಂದು ಕೂತ ಕ್ರಿಮಿಯನ್ನು ಕೂತಲ್ಲೇ ಚುಚ್ಚುತ್ತದೆ. ಎಳೆ ಬಿಟ್ಟು ಅದು ದೂರ ಹೋಗುವುದಿಲ್ಲ, ಸರಿಯಾಗಿ ಬಿಸಿಕೊಟ್ಟು ಕೂಡಿಸಿದರೆ. ಆದರೆ ಬೆಳ್ಳಿಯಷ್ಟು ಜೋರಲ್ಲ. ಬೆಳ್ಳಿ ಅಂದರೆ ಗಿರಾಕಿ ಕಿವಿ ನೆಟ್ಟಗೆ ಮಾಡುತ್ತಾನೆ, ಇದರ ಹೆಸರು ಹೇಳಿದರೆ ಆಕಳಿಸುತ್ತಾನೆ, ಅದಕ್ಕೇ ಬಿಟ್ಟಿದ್ದೆ ಎಂದ.

"ಗಿರಾಕಿ ನಾನು," ಎಂದಳು ರಾಜೇಶ್ವರಿ. "ನಾ ಆಕಳಿಸಂಗಿಲ್ಲ. ಮಾಡಿಕೊಂಡು ಬಾ."

ಅವನು ನಕ್ಕಿದ್ದು ಆಗ. ಗ್ರೀಷ್ಮಾ ತುಳುವಿನಲ್ಲಿ ಅವನಿಗೇನೋ ಹೇಳಿದಳು. ರಾಜೇಶ್ವರಿಗೆ ಅರ್ಥವಾಗಲಿಲ್ಲ. ಅಂತೂ ಅವನು ರೊಟ್ಟಿ ಮುರಿದ.

ಮರುದಿನ ಯಜ್ಞೇಶ್ ತಾನಾಗಿಯೇ ಆ ಎರಡು ಕಡೆಯವರಿಗೂ ಫೋನು ಮಾಡಿ, ಬೆಳ್ಳಿಯ ಬಟ್ಟೆಯನ್ನು ಸದ್ಯಕ್ಕೆ ಕೊಡಲಾರೆ, ಅದರಲ್ಲಿ ಒಂದು ತೊಂದರೆ ಕಂಡಿದೆ ಎಂದುಬಿಟ್ಟ. ಒಬ್ಬರು ಫೋನಿಟ್ಟರು. ಇನ್ನೊಬ್ಬರು, ಸರಿಪಡಿಸಿದ ಮೇಲೆ ಹೇಳಿ ಎಂದರು. ಇದನ್ನು ಅವನು ರಾಜೇಶ್ವರಿಗೆ ಆಮೇಲೆ, ಬೇರೆ ಯಾವುದೋ ಮಾತಿನ ನಡುವೆ, ಹೇಳಿದ್ದು.

ಜೂನ್ ತಿಂಗಳು ಪೂರಾ ಇಬ್ಬರಿಗೂ ಕೈತುಂಬ ಕೆಲಸವಾಯಿತು. ಇಲ್ಲಿ ಟ್ಯಾಂಕರಿನ ಮೇಲೆ ಟ್ಯಾಂಕರ್ ಕೆಸರು ಬಂತು. ಮೊಯ್ದಿನ್ ಬೆಳಗಿನ ತಂಪಿನಲ್ಲೇ ಅದನ್ನು ತೊಟ್ಟಿಗಿಳಿಸಿ, ಬಿಸಿಲೇರಿ ಹೊರಗಿನ ಕೆಲಸ ನಿಲ್ಲಿಸುವ ಹೊತ್ತಿಗೆ ನೆರಳಿಗೆ ಬರುತ್ತಿದ್ದ. ನೊರೆ ಕರಗಿತು. ಅಮೋನಿಯಾ ಮೊದಲು ನಿಂತಲ್ಲೇ ನಿಂತು, ಆಮೇಲೆ ಇಳಿಯತೊಡಗಿತು. ಒಂದು ಬೆಳಿಗ್ಗೆ ಫ್ಲೋರಿನ್ ಕಳಿಸಿದ ಸಣ್ಣ ವೀಡಿಯೋದಲ್ಲಿ ಗಂಟೆಯಂಥ ಜೀವಿಯೊಂದು ದಂಟಿನ ಮೇಲೆ ತೂಗುತ್ತ ಬಾಯಿ ಆಡಿಸುತ್ತಿತ್ತು. ರಾಜೇಶ್ವರಿ ಅದನ್ನು ಎಣ್ಣೆ ಬಾವಿಯಲ್ಲಿದ್ದ ಗಂಡನಿಗೆ ಕಳಿಸಿದಳು. ಇದೇನಿದು ಎಂದು ಅವನು ಕೇಳಿದ್ದಕ್ಕೆ, ನಮ್ಮ ಪ್ಲಾಂಟಿನ ಸಿಬ್ಬಂದಿ, ರಜೆ ಮುಗಿಸಿ ಕೆಲಸಕ್ಕೆ ಬಂದಾರ ಎಂದು ಬರೆದಳು.

ಅಲ್ಲಿ, ಇಂಡಸ್ಟ್ರಿಯಲ್ ಏರಿಯಾದ ಶೆಡ್ಡಿನಲ್ಲಿ, ಯಜ್ಞೇಶನ ಮೊದಲ ತುಂಡುಗಳು ಕೆಟ್ಟವು. ಬಿಸಿ ಕಡಿಮೆಯಾದರೆ ಲೇಪ ಕಚ್ಚುತ್ತಿರಲಿಲ್ಲ, ಹೆಚ್ಚಾದರೆ ಎಳೆ ಒರಟಾಗಿ ನೀರೇ ದಾಟುತ್ತಿರಲಿಲ್ಲ. ಕೆಲಸ ಮುಗಿಸಿ ಬರುವಾಗ ರಾಜೇಶ್ವರಿ ಆಗಾಗ ಆ ಕಡೆ ಕಾರು ತಿರುಗಿಸುತ್ತಿದ್ದಳು. ಬಕೆಟ್ಟಿನಲ್ಲಿ ಬೆಚ್ಚನೆಯ ಉಪ್ಪುನೀರು ಹಾಕಿ ಇಬ್ಬರೂ ಸೇರಿ ತುಂಡುಗಳನ್ನು ಒಗೆಯುವುದು, ಹಿಂಡುವುದು, ಹಿಂಡಿದ ನೀರನ್ನು ಬಾಟಲಿಗೆ ತುಂಬುವುದು. ಆ ಬಾಟಲಿಗಳನ್ನೆಲ್ಲ ಫ್ಲೋರಿನ್ ಜಾಡಿಯ ಕೆಸರಿಗೆ ಹಾಕಿ ನೋಡುವುದು. ಎಷ್ಟೋ ಬಾಟಲಿಗಳಾದ ಮೇಲೆ ಒಂದು ದಿನ ಎರಡು ಜಾಡಿಗಳ ನಡುವೆ ಯಾವ ವ್ಯತ್ಯಾಸವೂ ಕಾಣಲಿಲ್ಲ. ಫ್ಲೋರಿನ್ ಸುಮ್ಮನೆ ಕೂರದೆ ಅದೇ ಬಟ್ಟೆಯ ತುಂಡನ್ನು ಇನ್ನಷ್ಟು ಸಲ ಒಗೆದು, ಲೋಳೆ ಕಟ್ಟುವ ನೀರಿನಲ್ಲಿ ಇಟ್ಟಳು. ಪಕ್ಕದ ಬರಿಯ ಬಟ್ಟೆ ಜಾರುಜಾರಾಯಿತು, ಇದು ಆಗಲಿಲ್ಲ.

ಹಾಝಿಮ್‌ನನ್ನು ಒಪ್ಪಿಸುವುದೇ ಕಷ್ಟ ಎಂದುಕೊಂಡಿದ್ದಳು. ಅವನು ಎರಡು ಜಾಡಿಗಳನ್ನೂ ಎರಡು ತುಂಡುಗಳನ್ನೂ ಮೇಜಿನ ಮೇಲಿಟ್ಟುಕೊಂಡು ನೋಡಿದ, ಬರಿಯ ಬಟ್ಟೆಯನ್ನು ಮುಟ್ಟಿ ಕೈ ಒರೆಸಿಕೊಂಡ, ತೊಳೆದ ನೀರು ಎಲ್ಲಿಗೆ ಹೋಗುತ್ತದೆ ಎಂದು ಕೇಳಿದ. ಅವನು ಕೇಳಿದ್ದಕ್ಕೇ ರಾಜೇಶ್ವರಿಗೆ ಅರ್ಧ ಕೆಲಸ ಆದಂತೆನಿಸಿತು. ಮೊದಲ ವಾರಗಳಲ್ಲಿ ಅದನ್ನು ತೊಟ್ಟಿಗೆ ಬಿಡುವುದಿಲ್ಲ, ಬೇರೆ ಟ್ಯಾಂಕಿನಲ್ಲಿ ಹಿಡಿದು ನೋಡುತ್ತೇವೆ ಎಂದಳು. ಒಂದು ಫಿಲ್ಟರಿಗೆ ಮಾತ್ರ ಎಂದು ಅವನು ಬೆರಳೆತ್ತಿ ತೋರಿಸಿದ. ಅವಳೂ ಅಷ್ಟೇ ಕೇಳಬೇಕೆಂದಿದ್ದಳು.

ಜುಲೈಯ ಉರಿಯಲ್ಲಿ ಹೊಸ ಬಟ್ಟೆ ನೀರಿಗಿಳಿಯಿತು. ಬೆಳ್ಳಿಯ ಹಾಗೆ ಅದು ಹೊಳೆಯಲಿಲ್ಲ. ದಿನ ಕಳೆದಂತೆ ಬಣ್ಣ ಮಾಸಿತು, ಮೇಲೆ ತೆಳ್ಳಗೆ ಕೆಸರು ಕೂತಿತು. ಯಜ್ಞೇಶ್ ದಿನವೂ ಫೋನು ಮಾಡಿ, ಕೆಟ್ಟಿತಾ ಅಕ್ಕ ಎಂದು ಕೇಳುತ್ತಿದ್ದ. ಆದರೆ ಆ ಕೆಸರು ಬಟ್ಟೆಗೆ ಅಂಟಿಕೊಳ್ಳುತ್ತಿರಲಿಲ್ಲ. ಪಂಪು ಒಮ್ಮೆ ಹಿಂದಕ್ಕೆಳೆದರೆ ಪುಡಿಯಂತೆ ಉದುರಿ ಹೋಗುತ್ತಿತ್ತು, ಎಳೆ ಮತ್ತೆ ಮೇಲೇಳುತ್ತಿತ್ತು. ಬೆಳ್ಳಿಯ ಬಟ್ಟೆಗಿಂತ ಹೆಚ್ಚು ಸಲ ತೊಳೆಯಬೇಕಾಯಿತು, ನಿಜ. ಬರಿಯ ಬಟ್ಟೆಗೆ ಹೋಲಿಸಿದರೆ ಅದು ಏನೂ ಅಲ್ಲ. ತೊಳೆದ ನೀರನ್ನು ಫ್ಲೋರಿನ್ ಬಾರಿಬಾರಿಗೂ ಕೆಸರಿನ ಜಾಡಿಗೆ ಹಾಕಿ ನೋಡಿ, ಕೊನೆಗೆ ಒಂದು ದಿನ, "ಇನ್ನು ತೊಟ್ಟಿಗೇ ಬಿಡಿ ಮೇಡಂ, ನನಗೆ ಹೆದರಿಕೆ ಇಲ್ಲ," ಎಂದಳು. ಬಿಟ್ಟರು. ತೊಟ್ಟಿಗೆ ಏನೂ ಆಗಲಿಲ್ಲ. ಆಗಸ್ಟಿನಲ್ಲಿ, ಹೊರಗಿನ ಗಾಳಿಯೇ ಒದ್ದೆ ಬಟ್ಟೆಯಂತೆ ಮುಖಕ್ಕೆ ಅಂಟುವ ದಿನಗಳಲ್ಲಿ, ಆ ಫಿಲ್ಟರಿನ ಚೌಕಟ್ಟನ್ನು ಹೊರಗೆಳೆಯುವ ಪ್ರಸಂಗ ಒಮ್ಮೆಯೂ ಬರಲಿಲ್ಲ. ಅದರ ಪಾಲಿನ ಬ್ಲೀಚಿನ ಕ್ಯಾನುಗಳು ಇಟ್ಟಲ್ಲೇ ಇದ್ದವು. ಮೊಯ್ದಿನ್ ಎರಡನೆಯ ಫಿಲ್ಟರಿಗೆ ಯಾವಾಗ ಹಾಕುತ್ತೀರಿ ಎಂದು ಎರಡು ಸಲ ಕೇಳಿದ.

ಎರಡನೆಯದಕ್ಕೆ ಸೆಪ್ಟೆಂಬರಿನಲ್ಲಿ ಹಾಕಿದರು. ಕಂಪನಿಯ ಉಳಿದ ಪ್ಲಾಂಟುಗಳಿಗೂ ಹಾಕೋಣ ಎಂದು ಹಾಝಿಮ್ ಅವಸರ ಮಾಡಿದಾಗ ರಾಜೇಶ್ವರಿ, ಪ್ರತಿ ತೊಟ್ಟಿಯ ಕೆಸರನ್ನೂ ಮೊದಲು ಜಾಡಿಯಲ್ಲಿ ನೋಡಿಯೇ ಮುಂದಿನ ಹೆಜ್ಜೆ ಎಂದಳು. ಈ ಸಲ ಅವನು ವಾದಿಸಲಿಲ್ಲ.

ಅಕ್ಟೋಬರಿನಲ್ಲಿ, ಹವೆ ತಿರುಗಿ ಮಧ್ಯಾಹ್ನದಲ್ಲೂ ಹೊರಗೆ ನಿಲ್ಲಬಹುದಾದ ಹೊತ್ತಿಗೆ, ಸರಿಪಡಿಸಿದ ಮೇಲೆ ಹೇಳಿ ಎಂದಿದ್ದ ಗಿರಾಕಿ ಪ್ಲಾಂಟ್ ನೋಡಲು ಬಂದ. ಅವನದು ಊರಾಚೆ ಒಂದು ದೊಡ್ಡ ನರ್ಸರಿ, ಖರ್ಜೂರದ ಸಸಿಗಳಿಗೆ ಶುದ್ಧೀಕರಿಸಿದ ನೀರನ್ನೇ ಹಾಯಿಸುವವನು. ಯಜ್ಞೇಶ್ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಅವನ ಪಕ್ಕ ನಿಂತಿದ್ದ. ರಾಜೇಶ್ವರಿ ಸ್ವಲ್ಪ ಹಿಂದೆ, ಕಬ್ಬಿಣದ ಕಂಬಿಗೆ ಒರಗಿ ನಿಂತಿದ್ದಳು.

ಗಿರಾಕಿ ಬಟ್ಟೆಯನ್ನು ಬಗ್ಗಿ ನೋಡಿ, ಇದು ಕ್ರಿಮಿಗಳನ್ನು ನೂರಕ್ಕೆ ಎಷ್ಟು ಕೊಲ್ಲುತ್ತದೆ ಎಂದು ಹಿಂದಿಯಲ್ಲಿ ಕೇಳಿದ. ಏಪ್ರಿಲ್‌ನಲ್ಲಾಗಿದ್ದರೆ ಯಜ್ಞೇಶ್ ಒಂದು ದೊಡ್ಡ ಅಂಕಿ ಹೇಳುತ್ತಿದ್ದ, ರಾಜೇಶ್ವರಿಗೆ ಅದು ಗೊತ್ತಿತ್ತು. ಅವನೇನು ಹೇಳುತ್ತಾನೋ ಎಂದು ಅವಳೂ ಕಾದಳು. ನೀರಿನಲ್ಲಿರುವ ಕ್ರಿಮಿಯನ್ನು ಕೊಲ್ಲುವುದು ಇದರ ಕೆಲಸವಲ್ಲ ಸಾರ್, ಅದಕ್ಕೆ ಮುಂದೆ ಕ್ಲೋರಿನ್ ಇದೆ ಎಂದ ಯಜ್ಞೇಶ್. ಇದರ ಮೇಲೆ ಲೋಳೆ ಬೇರೂರುವುದಿಲ್ಲ, ಇದರಿಂದ ಏನೂ ಬಿಟ್ಟುಹೋಗುವುದಿಲ್ಲ, ಇಷ್ಟಕ್ಕೆ ನಾನು ಮಾತು ಕೊಡಬಲ್ಲೆ. ಬೆಳ್ಳಿಯ ಬಟ್ಟೆ ಹಾಕಿ ಇದೇ ತೊಟ್ಟಿಯನ್ನು ಕೆಡಿಸಿದ್ದೆವು, ಬೇಕಿದ್ದರೆ ಮೇಡಂ ಅವರನ್ನು ಕೇಳಿ ಎಂದು ಹಿಂದೆ ಕೈ ತೋರಿಸಿದ.

ಗಿರಾಕಿ ತಿರುಗಿ ಅವಳನ್ನು ನೋಡಿದ. ಹೌದು, ಕೆಡಿಸಿದ್ದೆವು, ಸರಿಯೂ ಮಾಡಿದೆವು ಎಂದಳು ರಾಜೇಶ್ವರಿ. ನಿಮ್ಮ ತೊಟ್ಟಿಯ ಕೆಸರು ಒಂದು ಬಾಟಲಿ ಕಳಿಸಿ, ಅದಕ್ಕೆ ಇದು ಹೊಂದುತ್ತದೋ ಇಲ್ಲವೋ ಮೊದಲು ನೋಡಿಕೊಡುತ್ತೇವೆ, ಹೊಂದದಿದ್ದರೆ ಹೊಂದುವುದಿಲ್ಲ ಎಂದೇ ಹೇಳುತ್ತೇವೆ ಎಂದಳು.

ಅವನು, ಬಾಟಲಿ ಯಾಕೆ, ನೀವೇ ಬಂದು ತುಂಬಿಕೊಳ್ಳಿ, ನನ್ನ ಪ್ಲಾಂಟನ್ನೂ ಒಮ್ಮೆ ನೋಡಿದಂತಾಗುತ್ತದೆ ಎಂದ. ಯಜ್ಞೇಶ್ ಅವಳ ಮುಖ ನೋಡಿದ. ರಾಜೇಶ್ವರಿ ಮೊಯ್ದಿನ್‌ನನ್ನು ಕರೆದು, ತೊಟ್ಟಿಗಳ ಮೇಲೆ ಕಣ್ಣಿಟ್ಟಿರು ಎಂದು ಹೇಳಿ, ಕಾರಿನ ಕೀಲಿಯನ್ನು ಯಜ್ಞೇಶನ ಕೈಗಿಟ್ಟಳು. ದಾರಿಯಲ್ಲಿ ಫ್ಲೋರಿನ್‌ಗೆ ಫೋನು ಮಾಡಿ, ಸಂಜೆಯೊಳಗೆ ಇನ್ನೊಂದು ಕೆಸರು ಬರುತ್ತದೆ, ಎರಡು ಜಾಡಿ ತೊಳೆದಿಡು ಎಂದಳು.